ಹತ್ತನೇ ಉಗುರು

ಅಮ್ಮಾಜಮ್ಮ ಯಾರ ಮುಖವನ್ನೂ ಮೊದಲು ನೋಡುವುದಿಲ್ಲ. ಕೈ ನೋಡುತ್ತಾಳೆ, ಚಪ್ಪಲಿ ಬಿಟ್ಟಿದ್ದರೆ ಕಾಲು ನೋಡುತ್ತಾಳೆ, ಆಮೇಲೆ ಪುರುಸೊತ್ತಿದ್ದರೆ ಮುಖ. ಬಂಗಾರಪೇಟೆ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಫ್ಯಾನ್ಸಿ ಸ್ಟೋರ್ ಇದೆ. ಬಳೆ, ಕ್ಲಿಪ್ಪು, ರಿಬ್ಬನ್ನು, ಬಿಂದಿ, ಉಗುರು ಬಣ್ಣ, ಇಂಥವು. ಇಪ್ಪತ್ತು ವರ್ಷದಿಂದ ಆಕೆ ನನ್ನ ಅಂಗಡಿಗೆ ಬರುತ್ತಿದ್ದಾಳೆ. ನನ್ನ ತಲೆ ಪೂರ್ತಿ ಬೋಳಾದದ್ದು ಆಕೆಗೆ ಗೊತ್ತಾದದ್ದು ಹೋದ ವರ್ಷ. ನನ್ನ ಎಡಗೈ ಕಿರುಬೆರಳಿನ ಉಗುರು ಸೀಳಿರುವುದು ಮಾತ್ರ ಮೊದಲ ದಿನವೇ ಗೊತ್ತಾಗಿತ್ತು.

ಆಕೆಯ ಮನೆ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ. ಗಂಡ ಮುನಿಸ್ವಾಮಪ್ಪ ಅಲ್ಲೇ ಕ್ಷೌರದಂಗಡಿ ಇಟ್ಟಿದ್ದ. ಮದುವೆಯ ಹಿಂದಿನ ದಿನ ಉಗುರು ತೆಗೆಯುವ ಶಾಸ್ತ್ರ ನಮ್ಮ ಕಡೆ ಉಂಟು. ಮದುಮಗನ ಉಗುರನ್ನು ಮುನಿಸ್ವಾಮಪ್ಪ ತೆಗೆಯುತ್ತಿದ್ದ, ಮದುಮಗಳದ್ದನ್ನು ಅಮ್ಮಾಜಮ್ಮ. ಬೇರೆಯವರು ಈ ಶಾಸ್ತ್ರವನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಮಾವಿನೆಲೆಯನ್ನು ಹಾಲಿನಲ್ಲಿ ಅದ್ದಿ ಉಗುರಿಗೆ ಮುಟ್ಟಿಸಿ, ಕತ್ತರಿಯನ್ನು ತೋರಿಸಿದಂತೆ ಮಾಡಿ, ಕೊಟ್ಟದ್ದನ್ನು ಇಸಿದುಕೊಂಡು ಹೊರಟರು ಅಂದರೆ ಆಯಿತು. ಅಮ್ಮಾಜಮ್ಮನದು ಹಾಗಲ್ಲ. ಎಡಗೈ ಕಿರುಬೆರಳಿನಿಂದ ಶುರು ಮಾಡಿ ಬಲಗೈ ಹೆಬ್ಬೆರಳಿನವರೆಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಹಾಲು ಮುಟ್ಟಿಸಿ, ತುದಿಯಲ್ಲಿ ಒಂದು ಚೂರು ತೆಗೆದು ತಟ್ಟೆಯ ಅಕ್ಕಿಗೆ ಬೀಳಿಸುತ್ತಾಳೆ. ಒಂದೊಂದಕ್ಕೂ ಗಟ್ಟಿಯಾಗಿ ಎಣಿಸುತ್ತಾಳೆ. ಎಣಿಕೆ ಮಾತ್ರ ಅವರ ಮನೆಮಾತು ತೆಲುಗಿನಲ್ಲಿ. ಒಕಟಿಯಿಂದ ಹಿಡಿದು ತೊಮ್ಮಿದಿ ದಾಟಿ ಕೊನೆಗೆ 'ಪದಿ', ಅಂದರೆ ಹತ್ತು, ಅಂದ ಮೇಲೆ ಮದುಮಗಳಿಗೆ ಕನ್ನಡಿ ತೋರಿಸಿ, ಮೊರದಲ್ಲಿಟ್ಟ ಅಕ್ಕಿ, ತೆಂಗಿನಕಾಯಿ, ರವಿಕೆ ಕಣವನ್ನು ಸೆರಗಿಗೆ ಹಾಕಿಸಿಕೊಳ್ಳುತ್ತಾಳೆ. ಆಕೆಯ ಬಾಯಿಂದ 'ಪದಿ' ಬರುವವರೆಗೆ ಹುಡುಗಿ ಮಣೆ ಬಿಟ್ಟು ಏಳುವ ಹಾಗಿಲ್ಲ.

ಹೀಗೆ ಮದುಮಕ್ಕಳ ಕೈ ಹಿಡಿದು ಕೂತವಳನ್ನು ಮನೆಯ ಅಜ್ಜಿಯರು "ನಂದೂ ಒಂಚೂರು ನೋಡಮ್ಮ" ಅಂತ ಕರೆಯತೊಡಗಿದರು. ವಯಸ್ಸಾದ ಮೇಲೆ ಬಗ್ಗಿ ಕಾಲುಗುರು ತೆಗೆದುಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ನನಗೆ ಈಗ ಗೊತ್ತಾಗುತ್ತಿದೆ. ಅಜ್ಜಿಯರಾದ ಮೇಲೆ ತಾತಂದಿರು. ಅಲ್ಲಿನ ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ, ಕಾರ್ಮಿಕರ ಆ ಸಾಲುಮನೆಗಳಲ್ಲಿ, ಈಗಲೂ ಗಣಿಯಲ್ಲಿ ದುಡಿದು ಬಂದ ಮುದುಕರಿದ್ದಾರೆ. ಮೂವತ್ತು ವರ್ಷ ಒದ್ದೆ ಬೂಟಿನಲ್ಲಿ ಬೆಂದ ಕಾಲುಗಳು ಅವರವು. ಬೂಷ್ಟು ಹತ್ತಿ ಹಳದಿಯಾಗಿ ಪುಡಿಪುಡಿಯಾಗುವ ಉಗುರುಗಳು ಕೆಲವು, ಟಗರಿನ ಕೊಂಬಿನಂತೆ ದಪ್ಪವಾಗಿ ಪಕ್ಕದ ಬೆರಳಿನ ಮೇಲೆ ಸುತ್ತಿಕೊಂಡವು ಕೆಲವು. ಅಂಗಡಿಯ ನೇಲ್ ಕಟರ್ ಅಲ್ಲಿ ಬಾಯಿ ಕೂಡ ತೆರೆಯುವುದಿಲ್ಲ. ಅಮ್ಮಾಜಮ್ಮ ಟಬ್ಬಿನಲ್ಲಿ ಬೆಚ್ಚಗಿನ ಉಪ್ಪು ನೀರು ಹಾಕಿ ಅರ್ಧ ಗಂಟೆ ಕಾಲು ನೆನೆಸಿ, ಅರದಿಂದ ಉಜ್ಜಿ ತೆಳ್ಳಗೆ ಮಾಡಿ, ಆಮೇಲೆ ಚೂರು ಚೂರಾಗಿ ಕತ್ತರಿಸುತ್ತಾಳೆ. ಒಬ್ಬರದು ಮುಗಿದ ಮೇಲೆ ಸಾಮಾನನ್ನೆಲ್ಲ ಕುದಿಯುವ ನೀರಿಗೆ ಹಾಕದೆ ಇನ್ನೊಬ್ಬರನ್ನು ಮುಟ್ಟುವುದಿಲ್ಲ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಯಾರು ಕರೆದರೂ ಬರುವುದಿಲ್ಲ.

ಓದಿರುವುದು ಐದನೇ ಕ್ಲಾಸು. ಒಮ್ಮೆ ಆಂಡರ್ಸನ್‌ಪೇಟೆಯಲ್ಲಿ ಚರ್ಮರೋಗದ ಕ್ಯಾಂಪ್ ನಡೆದಾಗ ಡಾಕ್ಟರ ಪಕ್ಕ ಮೂರು ದಿನ ಕೂತಿದ್ದಳು. ಯಾರೂ ಕರೆದಿರಲಿಲ್ಲ, ಆಕೆಯೇ ಹೋಗಿ ಕೂತಿದ್ದು. ಅಲ್ಲಿಂದ ಬಂದ ಮೇಲೆ ಆಕೆಯ ಮಾತಿಗೆ ಇನ್ನಷ್ಟು ಗತ್ತು ಬಂತು. ಹೆಂಗಸರ ಉಗುರಿನ ಮೇಲೆ ಒಂದು ತೊಟ್ಟು ನೀರು ಬಿಡುತ್ತಾಳೆ. ಜಾರಿ ಹೋದರೆ ಸರಿ, ಚಮಚದಲ್ಲಿ ನಿಂತ ಹಾಗೆ ನಿಂತರೆ "ರಕ್ತ ಕಮ್ಮಿ ಐತೆ, ಓಗಿ ಟೆಸ್ಟ್ ಮಾಡಿಸ್ಕೊ" ಅನ್ನುತ್ತಾಳೆ. ಗಣಿಯ ಮುದುಕರಿಗೆ ಎರಡು ತೋರುಬೆರಳುಗಳನ್ನು ಉಗುರಿಗೆ ಉಗುರು ತಾಗುವಂತೆ ಒತ್ತಿ ಹಿಡಿಯಲು ಹೇಳುತ್ತಾಳೆ. ನಡುವೆ ಬೆಳಕಿನ ಸಣ್ಣ ಕಿಂಡಿ ಕಾಣಬೇಕಂತೆ. ಕಾಣದೆ, ಬೆರಳ ತುದಿ ಉಂಡೆಯಾಗಿ ಉಗುರು ಗುಮ್ಮಟದ ಹಾಗೆ ಉಬ್ಬಿದ್ದರೆ ಎದೆಯ ಫೋಟೋ ತೆಗೆಸಲು ಕಳಿಸುತ್ತಾಳೆ.

"ಈ ಕಾಣೋ ಉಗುರೈತಲ್ಲ ಜಯರಾಮಣ್ಣ, ಇದು ಸತ್ತಿರೋದು. ಅದ್ಕೇ ಕತ್ತರಿಸಿದ್ರೆ ನೋವಾಗಲ್ಲ. ಜೀವ ಇರೋದು ಒಳಗೆ, ಈ ಚರ್ಮದ ಕೆಳಗೆ. ಅಲ್ಲಿ ಉಟ್ಟಿ, ಇಂದಿಂದ ತಳ್ಳಿಸ್ಕೊಂಡು ಮುಂದಕ್ ಬತ್ತದೆ. ಕೈದು ಬುಡದಿಂದ ತುದಿಗ್ ಬರಕ್ಕೆ ಆರು ತಿಂಗ್ಳು, ಕಾಲ್ದು ವರ್ಷದ ಮ್ಯಾಲೆ," ಅಂತ ನನಗೂ ಒಂದು ಪಾಠ ಆಗಿತ್ತು.

ಆ ಪಾಠ ಆದದ್ದು ನನಗೆ ಉಗುರುಸುತ್ತು ಬಂದಾಗ. ಬೆರಳು ಬಾತು ಕೀವು ತುಂಬಿ ಪ್ರಾಣ ಹೋಗುತ್ತಿತ್ತು. ನಮ್ಮ ಮನೆಯ ವೈದ್ಯದ ಪ್ರಕಾರ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿಕೊಂಡು ನಾಲ್ಕು ದಿನ ಅಂಗಡಿಯಲ್ಲಿ ಕೂತಿದ್ದೆ. ಅಮ್ಮಾಜಮ್ಮ ಬಂದು ಹಣ್ಣನ್ನು ನೋಡಿದಳು. "ಪಾನಕ ಯಾರಿಗ್ ಮಾಡ್ತಿದ್ದೀಯ ಅಣ್ಣ?" ಅಂದಳು. ಎದುರಿಗೆ ಬಳೆ ಕೊಳ್ಳುತ್ತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅವತ್ತೇ ಡಾಕ್ಟರ ಹತ್ತಿರ ಕೀವು ತೆಗೆಸಿಕೊಂಡೆ. ಸಂಜೆಗೆ ಹಾಯಾಯಿತು, ಆದರೆ ಸಿಟ್ಟು ಇಳಿಯಲಿಲ್ಲ.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ನನ್ನ ಕೌಂಟರಿನ ಮುಂದೆಯೇ ನಿಂತು, ಉಗುರು ಬಣ್ಣ ಕೊಳ್ಳುವವರಿಗೆ "ತಿಂಗ್ಳಿಗೊಂದಿನ ಎಲ್ಲಾ ತೆಗ್ದು ಬರೀ ಉಗುರು ನೋಡ್ಕೊಳ್ರವ್ವಾ" ಅಂತ ಬುದ್ಧಿ ಹೇಳುತ್ತಿದ್ದಳು. ಯಾವ ವ್ಯಾಪಾರಿ ಸಹಿಸುತ್ತಾನೆ? "ಅಮ್ಮಾಜಕ್ಕ, ನಿನ್ನ ಉಪದೇಶ ಬೀದಿಯಲ್ಲಿ ಇಟ್ಟುಕೋ" ಅಂತ ಎಷ್ಟೋ ಸಲ ರೇಗಿದ್ದೇನೆ. ಆಕೆ ಕಿವಿಗೆ ಹಾಕಿಕೊಂಡವಳೇ ಅಲ್ಲ.

ಇನ್ನು ನಮ್ಮ ಪ್ರೇರಣಾಳ ವಿಷಯ. ಆಂಡರ್ಸನ್‌ಪೇಟೆಯಲ್ಲಿರುವ ನಮ್ಮಕ್ಕ ರಾಧಾಮಣಿಯ ಒಬ್ಬಳೇ ಮಗಳು ಅವಳು. ಭಾವ ಬೇಗ ತೀರಿಕೊಂಡಿದ್ದರಿಂದ ಹುಡುಗಿಯ ಹಿರಿತನವೆಲ್ಲ ಸೋದರಮಾವನಾದ ನನ್ನದೇ. ಓದಿ, ಅದೇ ಊರಿನ ಶಾಲೆಯಲ್ಲಿ ಲೆಕ್ಕದ ಟೀಚರ್ ಆಗಿದ್ದಳು. ಕಾಲೇಜಿನ ದಿನಗಳಲ್ಲಿ ಅವಳ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ, ಬುಡದಿಂದ ತುದಿಗೆ ಉದ್ದಕ್ಕೆ, ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಮೂಡಿತು. ಬಲಗೈ ಹೆಬ್ಬೆರಳಲ್ಲಿ ಮಚ್ಚೆ ಇದ್ದರೆ ಆ ಕೈಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆ ಅನ್ನುವುದು ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ನಂಬಿಕೆ. ಮೈಮೇಲೆ ಎಲ್ಲಿ ಮಚ್ಚೆ ಕಂಡರೂ ಫಲ ಹೇಳುವ ಚಟ ನನಗೆ ಬೇರೆ. ಅದಕ್ಕೆ 'ಲಕ್ಷ್ಮಿ ಗೆರೆ' ಅಂತ ಹೆಸರಿಟ್ಟವನು ನಾನೇ.

ಹುಡುಗಿಗೆ ಅದು ಇಷ್ಟವಿರಲಿಲ್ಲ. ಬೋರ್ಡಿನ ಮೇಲೆ ಬರೆಯುವಾಗ ಮಕ್ಕಳು "ಮಿಸ್, ಇಂಕ್ ಆಗಿದೆ" ಅನ್ನುತ್ತಿದ್ದರಂತೆ. ಬಣ್ಣ ಹಚ್ಚತೊಡಗಿದಳು. ಬಣ್ಣ ಯಾರ ಅಂಗಡಿಯದು? ನನ್ನದೇ. ಕಡುಗೆಂಪು ಬಾಟಲಿಯನ್ನು ತಿಂಗಳು ತಿಂಗಳು ನಾನೇ ತೆಗೆದಿಟ್ಟು ಕೊಡುತ್ತಿದ್ದೆ. ಎರಡು ವರ್ಷದ ಹಿಂದೆ ಒಂದು ದಿನ ಬಾಟಲಿ ತೆಗೆದುಕೊಳ್ಳುತ್ತಾ, "ಮಾಮ, ಗೆರೆ ಅಗಲ ಆಗಿದೆ ಅನ್ಸುತ್ತೆ" ಅಂದಳು. "ಲಕ್ಷ್ಮಿ ಬೆಳೀತಿದ್ದಾಳೆ ಕಣಮ್ಮ, ಬೆಳೀಲಿ ಬಿಡು" ಅಂದು ನಕ್ಕೆ. ಬೆರಳು ತೋರಿಸು ಅನ್ನಲಿಲ್ಲ. ಈ ಮಾತನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಗಂಡು ಅನಿರುದ್ಧ, ಕೆಜಿಎಫ್‌ನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅವರ ಮನೆಯವರು ದಾವಣಗೆರೆ ಕಡೆಯವರು, ಅವರಪ್ಪನ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿದವರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರಾದ್ದರಿಂದ ಅರ್ಧ ಮದುವೆ ಅವರಿಬ್ಬರ ನಡುವೆಯೇ ಮುಗಿದಿತ್ತು. ಇನ್ನರ್ಧಕ್ಕೆ ಹುಡುಗನ ತಾಯಿ ಶ್ಯಾಮಲ ಒಪ್ಪಬೇಕಿತ್ತು. ಮಾತುಕತೆಯ ದಿನ ಆಕೆ ಹೂಂ ಅನ್ನದೆ ಕಾಫಿ ಲೋಟವನ್ನೇ ತಿರುಗಿಸುತ್ತಾ ಕೂತಾಗ, ನಾನು ಲಕ್ಷ್ಮಿ ಗೆರೆಯ ಸುದ್ದಿ ಎತ್ತಿದೆ. "ನಮ್ಮ ಹುಡುಗಿ ಕಾಲಿಟ್ಟ ಮನೆಗೆ ಬರಗಾಲ ಇಲ್ಲ ಬಿಡಿ" ಅಂದೆ. ಆಕೆಯ ಮುಖ ಅರಳಿತು. ಆ ಜಾಣತನವನ್ನು ನೆನೆದು ನೆನೆದು ನಾನು ಒಂದು ವಾರ ಮೀಸೆ ತಿರುವಿದ್ದುಂಟು.

ಗುರುವಾರ ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಮುಹೂರ್ತ. ಬುಧವಾರ ಬೆಳಿಗ್ಗೆ ಅಕ್ಕನ ಮನೆಯ ಚಪ್ಪರದಲ್ಲಿ ಉಗುರು ತೆಗೆಯುವ ಶಾಸ್ತ್ರ. ತಮ್ಮ ಕಡೆ ಇದನ್ನು ಇಷ್ಟು ವಿಸ್ತಾರವಾಗಿ ಮಾಡುವುದಿಲ್ಲ, ನೋಡಬೇಕು ಅಂತ ಶ್ಯಾಮಲ ಬೆಳಿಗ್ಗೆಯೇ ಬಂದು ಮುಂದಿನ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದರು. ಪ್ರೇರಣಾ ಮೈಗೆಲ್ಲ ಅರಿಶಿನ ಹಚ್ಚಿಸಿಕೊಂಡು ಮಣೆಯ ಮೇಲೆ, ಅವಳ ಮೊಣಕೈ ಹಿಡಿದು ಪಕ್ಕದಲ್ಲಿ ನಾನು.

ಅಮ್ಮಾಜಮ್ಮ ಬಂದವಳೇ ಕೈ ನೋಡಿದಳು. "ಮೊದ್ಲು ಬಣ್ಣ ತೆಗೀರಿ. ಬಣ್ಣಕ್ಕೆ ಆಲು ಮುಟ್ಟಿಸಿದ್ರೆ ಉಗುರಿಗೆ ಮುಟ್ಟಿಸ್ದಂಗಾಗ್ತದಾ?" ಅಂದಳು.

ಇದನ್ನು ಮೊದಲೇ ಊಹಿಸಿ ರಿಮೂವರ್ ಬಾಟಲಿ, ಹತ್ತಿ ಎರಡನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ಮತ್ತೆ ಹಚ್ಚುವುದಕ್ಕೆ ಕಡುಗೆಂಪು ಬಾಟಲಿಯೂ ಇತ್ತು. ನಾನು ಒಂದೊಂದೇ ಬೆರಳಿನ ಬಣ್ಣ ಒರೆಸಿದ ಹಾಗೆ ಅಮ್ಮಾಜಮ್ಮ ಹಾಲು ಮುಟ್ಟಿಸಿ, ಚೂರು ತೆಗೆದು, ಎಣಿಸುತ್ತಾ ಬಂದಳು. ಹೆಂಗಸರು ಪಕ್ಕದಲ್ಲಿ ಹಾಡು ಹೇಳುತ್ತಿದ್ದರು. ಬಲಗೈ ತೋರುಬೆರಳಿಗೆ "ತೊಮ್ಮಿದಿ" ಆಯಿತು. ನಾನು ಹೆಬ್ಬೆರಳಿನ ಮೇಲೆ ಹತ್ತಿ ಒತ್ತಿ ಎಳೆದೆ.

ಗೆರೆ ಇರಲಿಲ್ಲ. ಗೆರೆ ಇದ್ದ ಜಾಗದಲ್ಲಿ ಒಂದು ಕಪ್ಪು ಪಟ್ಟೆ ಇತ್ತು. ಉಗುರಿನ ಮೂರನೇ ಒಂದು ಭಾಗವನ್ನೇ ಅದು ಆಕ್ರಮಿಸಿತ್ತು. ತುದಿಯ ಕಡೆ ಕಿರಿದು, ಬುಡದ ಕಡೆ ಅಗಲ. ಅಂಚು ನೇರವಾಗಿರಲಿಲ್ಲ, ಒಂದು ಕಡೆ ಕಪ್ಪು, ಒಂದು ಕಡೆ ಕಂದು. ಬುಡದಲ್ಲಿ ಉಗುರು ಮುಗಿದು ಚರ್ಮ ಶುರುವಾಗುವಲ್ಲಿಗೂ ಆ ಕಪ್ಪು ಹತ್ತಿಕೊಂಡಿತ್ತು.

ಅಮ್ಮಾಜಮ್ಮ ಬೆರಳನ್ನು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಹಾಲಿನಲ್ಲಿ ಅದ್ದಿದ್ದ ಮಾವಿನೆಲೆಯನ್ನು ಬಟ್ಟಲಿಗೆ ವಾಪಸು ಬಿಟ್ಟಳು.

"ಪಾಪಾ, ಇದು ಯಾವಾಗಿಂದ ಇಂಗೈತೆ? ಬಾಗಿಲು ಗೀಗಿಲು ಬಿದ್ದಿತ್ತಾ?"

"ಇಲ್ಲ ಅಜ್ಜಿ. ಮೊದ್ಲು ಸಣ್ಣದಿತ್ತು. ಲಕ್ಷ್ಮಿ ಗೆರೆ ಅದು," ಅಂದಳು ಪ್ರೇರಣಾ.

ಅಮ್ಮಾಜಮ್ಮ ಉಳಿದ ಒಂಬತ್ತನ್ನೂ ಮತ್ತೊಮ್ಮೆ ತಿರುಗಿಸಿ ನೋಡಿದಳು. ಎದ್ದು, ನನ್ನ ಕಡೆ ಬಗ್ಗಿ, "ಒಸಿ ಇಂದ್ಕಡೆ ಬಾ ಜಯರಾಮಣ್ಣ" ಅಂದಳು.

ಹಿತ್ತಿಲಲ್ಲಿ ನೀರಿನ ಡ್ರಮ್ಮಿನ ಪಕ್ಕ ನಿಂತು ಆಕೆ ಹೇಳಿದ್ದು ಇಷ್ಟೇ. "ಇದು ಒಳ್ಳೇದಲ್ಲ. ದೊಡ್ಡ ಡಾಕ್ಟ್ರಿಗೆ ತೋರಿಸ್ಬೇಕು, ಈಗ್ಲೇ. ಆ ಉಗುರ್ನ ನಾನು ಕತ್ತರಿಸಲ್ಲ."

"ನಾಳೆ ಬೆಳಿಗ್ಗೆ ಮುಹೂರ್ತ ಅಕ್ಕ."

"ಗೊತ್ತೈತೆ."

"ಮದುವೆ ಮುಗೀಲಿ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ."

"ಆಮ್ಯಾಕೆ ಯಾರಣ್ಣ ತೋರಿಸ್ತಾರೆ? ಒಂದು ತಿಂಗ್ಳು ನೆಂಟರ ಮನೆ ಊಟ. ಆಮ್ಯಾಕೆ ಆಷಾಢ. ಆಮ್ಯಾಕೆ ಬಸುರಿ, ಬಾಣಂತಿ. ಕೈ ತುಂಬ ಬಣ್ಣ ಆಕ್ಕೊಂಡು ಓಡಾಡ್ತಿರ್ತಾಳೆ. ನೀನೇ ಕೊಡ್ತೀಯ ಬಣ್ಣ."

ನನಗೆ ಪಿತ್ತ ನೆತ್ತಿಗೇರಿತು. ಉಗುರು ಕತ್ತರಿಸುವವಳು ಕತ್ತರಿಸಿಕೊಂಡು ಹೋಗಬೇಕು, ನೀನು ಯಾವ ದೊಡ್ಡ ಡಾಕ್ಟರು ಅಂತ ಅಂದೆ. ಇನ್ನೂ ಕೆಟ್ಟ ಮಾತು ಅಂದೆ, ಅದನ್ನಿಲ್ಲಿ ಬರೆಯಲಾರೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಚಪ್ಪರದ ಕಡೆ ನಡೆದಳು. ನಿಜ ಹೇಳಬೇಕೆಂದರೆ, ಹತ್ತಿ ಎಳೆದ ಕ್ಷಣದಲ್ಲೇ ಇದು ಲಕ್ಷ್ಮಿಯಲ್ಲ ಅಂತ ನನಗೂ ಗೊತ್ತಾಗಿತ್ತು. ಆದರೆ ಮುಂದಿನ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಶ್ಯಾಮಲ ಕೂತಿದ್ದರು. ಆಕೆಗೆ ಅದನ್ನು ಲಕ್ಷ್ಮಿ ಅಂತ ಹೇಳಿದವನು ನಾನು.

ಚಪ್ಪರಕ್ಕೆ ಬಂದು ಪ್ರೇರಣಾಳ ಪಕ್ಕ ಕೂತೆ. ಜೇಬಿನಿಂದ ಕಡುಗೆಂಪು ಬಾಟಲಿ ತೆಗೆದೆ. ಆ ಕಪ್ಪು ಪಟ್ಟೆಯ ಮೇಲೆ, ಬುಡದ ಚರ್ಮವೂ ಮುಚ್ಚುವ ಹಾಗೆ, ಎರಡು ಸಲ ಬಣ್ಣ ಬಳಿದೆ. ಒಂದು ತೊಟ್ಟೂ ಆಚೀಚೆ ಆಗಲಿಲ್ಲ. ನಲವತ್ತು ವರ್ಷ ಫ್ಯಾನ್ಸಿ ಸ್ಟೋರ್ ನಡೆಸಿದವನ ಕೈ ಅದು.

ಅಮ್ಮಾಜಮ್ಮ ಚಪ್ಪರದ ಕಂಬದ ಹತ್ತಿರ ನಿಂತು ಅದನ್ನು ನೋಡಿದಳು. ಸಾಮಾನನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಅಕ್ಕ ಮೊರ ಹಿಡಿದು ಬಂದಳು.

"ಶಾಸ್ತ್ರ ಮುಗಿದಿಲ್ಲ ರಾಧಮ್ಮ. ಮುಗೀದೆ ಎಂಗೆ ಇಸ್ಕೊಳ್ಳಿ?" ಅಂದು ಅಮ್ಮಾಜಮ್ಮ ಬರಿಗೈಯಲ್ಲಿ ಗೇಟು ದಾಟಿ ಹೋದಳು.

ನಮ್ಮ ಕಡೆ ಇದಕ್ಕಿಂತ ದೊಡ್ಡ ಅಪಶಕುನವಿಲ್ಲ. ಹಾಡು ನಿಂತಿತು. ಅಕ್ಕ ಮೊರ ಹಿಡಿದುಕೊಂಡೇ ಅಳುವ ಮುಖ ಮಾಡಿದಳು. ಶ್ಯಾಮಲ ಮೊಬೈಲ್ ಕೆಳಗಿಳಿಸಿದರು.

"ಮಾಮ, ಅಜ್ಜಿ ಏನಂದ್ರು?" ಪ್ರೇರಣಾ ಕೇಳಿದಳು.

"ಏನಿಲ್ಲಮ್ಮ. ಏನೋ ಕೋಪ."

"ಏನಿಲ್ಲ ಅಂದ್ರೆ ಬಣ್ಣ ಯಾಕೆ ಹಚ್ಚಿದ್ರಿ? ಶಾಸ್ತ್ರ ಆಗೋ ಮೊದ್ಲೇ?"

ಲೆಕ್ಕದ ಟೀಚರ್‌ಗೆ ತಪ್ಪು ಉತ್ತರ ಕೊಟ್ಟರೆ ಹೀಗೆಯೇ. ನಾನು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತೆ. ಅವಳು ಮಣೆಯಿಂದ ಎದ್ದಳು. ಅರಿಶಿನದ ಮುಖ, ಬರಿಗಾಲು. ಯಾರು ಯಾರೋ "ಚಪ್ಪರ ದಾಟಬಾರದಮ್ಮ" ಅಂತ ಕೂಗಿದರು. ದಾಟಿದಳು.

ನಾನು ಏದುಸಿರು ಬಿಡುತ್ತಾ ಹಿಂದೆ ಓಡಿದಾಗ ಇಬ್ಬರೂ ಆಟೋ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ಆಟೋದವರು ದೂರ ಸರಿದು ನಿಂತಿದ್ದರು. ಅಮ್ಮಾಜಮ್ಮ ಗಂಡನ ವಿಷಯ ಹೇಳುತ್ತಿದ್ದಳು. ಮುನಿಸ್ವಾಮಪ್ಪ ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಕಾಲಿನ ಹುಣ್ಣಿನಿಂದ ಹೋದ ಅಂತ ನಾನು ಕೇಳಿದ್ದೆ, ಅಷ್ಟೇ ಗೊತ್ತಿತ್ತು.

"ಅಂಗ್ಡಿ ಷಟರು ಒಂದ್ ದಪ ಅವನ ಕಾಲ್ಮ್ಯಾಲೆ ಬಿತ್ತು. ಎಬ್ಬೆಟ್ಟಿನ ಉಗುರು ಕಪ್ಪಾಯ್ತು. ಏಟು ಬಿದ್ರೆ ಒಳಗೆ ರಕ್ತ ಎಪ್ಪುಗಟ್ಟಿ ಕಪ್ಪಾಗ್ತದೆ, ಅದು ಸಹಜ. ಆದ್ರೆ ಏಟಿನ ಕಪ್ಪು ಒಂದ್ಕಡೆ ನಿಲ್ಲಲ್ಲ ಪಾಪಾ. ಉಗುರು ಬೆಳೆದಂಗೆ ಅದೂ ಮುಂದಕ್ ಬತ್ತದೆ, ತುದಿಗ್ ಬತ್ತದೆ, ಕತ್ತರಿಸಿ ಬಿಸಾಕ್ತೀವಿ. ಅವನ್ದು ಬರ್ಲಿಲ್ಲ. ಬುಡದಾಗೇ ಕೂತಿತ್ತು. ಎರಡ್ ತಿಂಗ್ಳಿಗೊಂದಪ ನಾನೇ ಅವನ ಉಗುರು ತೆಗೀತಿದ್ದೆ. ಊರ್ನೋರ ಉಗುರೆಲ್ಲ ನೋಡ್ದೋಳು. ಮತ್ತೆ ಷಟರು ಬಿದ್ದಿರ್ಬೇಕು, ಅವ್ನು ಏಳಿಲ್ಲ ಅಂದ್ಕೊಂಡೆ. ಮೂರು ವರ್ಷ ಅಂಗೇ ಅಂದ್ಕೊಂಡೆ. ಉಗುರು ಸೀಳಿ ಹುಣ್ಣಾದ ಮ್ಯಾಲೆ ಡಾಕ್ಟ್ರ ತಾವ ಓದ್ವಿ. ಕ್ಯಾನ್ಸರ್ ಅಂದ್ರು. ತೊಡೆ ಸಂದಿಗೆ ಏರೈತೆ ಅಂದ್ರು."

ಪ್ರೇರಣಾ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು.

"ನಿಂದು ಅದೇ ಅಂತ ನಾನು ಏಳಲ್ಲ. ನಮ್ಮಂಥ ಬಣ್ಣದೋರಿಗೆ ಉಗುರಲ್ಲಿ ಗೆರೆ ಸುಮಾರು ಜನಕ್ಕೈತೆ, ನಾಲ್ಕೈದು ಬೆರಳಿಗೂ ಇರ್ತದೆ, ಏನೂ ಆಗಲ್ಲ. ನಿಂದು ಒಂದೇ ಬೆರಳಿಗೈತೆ. ಅಗಲ ಆಗೈತೆ. ಚರ್ಮದ ಮ್ಯಾಕೂ ಬಂದೈತೆ. ನಾನು ಒಂದಪ ಸುಮ್ನಿದ್ದು ನೋಡ್ದೋಳು ಪಾಪಾ. ಇನ್ನೊಂದಪ ಸುಮ್ನಿರಕ್ಕೆ ನನ್ ಕೈಲಾಗಲ್ಲ."

ಪ್ರೇರಣಾ ಹೆಬ್ಬೆರಳನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದಳು. ನಾನು ಬಳಿದ ಬಣ್ಣ ಇನ್ನೂ ಹಸಿಯಾಗಿತ್ತು. ಸೀರೆಯ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ಸೆರಗಿನ ಅರಿಶಿನದ ಮೇಲೆ ಕೆಂಪು ಮೆತ್ತಿಕೊಂಡಿತು. ಆಮೇಲೆ ಆಟೋದವನ ಹತ್ತಿರ ಫೋನ್ ಕೇಳಿ ಇಸಿದುಕೊಂಡು ಅನಿರುದ್ಧನಿಗೆ ಮಾಡಿದಳು. ನಂಬರು ಅವಳಿಗೆ ಬಾಯಿಪಾಠವಾಗಿತ್ತು.

ಅರ್ಧ ಗಂಟೆಯಲ್ಲಿ ಅನಿರುದ್ಧ ಬೈಕಿನಲ್ಲಿ ಬಂದ. ಅಷ್ಟರಲ್ಲಿ ನಾವು ಚಪ್ಪರಕ್ಕೆ ವಾಪಸಾಗಿದ್ದೆವು, ವಿಷಯ ಕೇಳಿ ಎಲ್ಲರೂ ಎದ್ದು ನಿಂತಿದ್ದರು. ಶ್ಯಾಮಲ ನನ್ನನ್ನೇ ನೋಡುತ್ತಾ ಕೇಳಿದರು, "ಜಯರಾಮಪ್ಪನವರೇ, ಇದನ್ನೇ ಅಲ್ವಾ ನೀವು ಲಕ್ಷ್ಮಿ ಅಂದಿದ್ದು?"

"ಇದನ್ನೇ," ಅಂದೆ. "ಈಗ ಬಣ್ಣ ಬಳಿದು ಮುಚ್ಚಿದವನೂ ನಾನೇ. ಹುಡುಗಿದೇನೂ ತಪ್ಪಿಲ್ಲ." ಜನ್ಮದಲ್ಲಿ ಅಷ್ಟು ಜನರ ಮುಂದೆ ಅಷ್ಟು ಸಣ್ಣವನಾಗಿ ನಾನು ನಿಂತಿರಲಿಲ್ಲ.

ಅನಿರುದ್ಧ ಆ ಬೆರಳನ್ನು ಹಿಡಿದುಕೊಂಡು, "ನಾಳೆ ಹೇಗೂ ರಜ ಹಾಕಿದ್ದೀನಿ. ಬೆಳಿಗ್ಗೆ ಟ್ರೈನಿಗೆ ಬೆಂಗಳೂರಿಗೆ ಹೋಗೋಣ" ಅಂದ. ಅವನ ತಾಯಿ ಕಾರು ಹತ್ತಿ ಹೋದರು. ಅಕ್ಕ ಅವತ್ತು ನನ್ನ ಜೊತೆ ಮಾತು ಬಿಟ್ಟವಳು ಎರಡು ತಿಂಗಳು ಆಡಲಿಲ್ಲ.

ಗುರುವಾರ ಮುಹೂರ್ತದ ಹೊತ್ತಿಗೆ ನಾವು ಮೂವರು ಬೆಂಗಳೂರಿನ ಆಸ್ಪತ್ರೆಯೊಂದರ ಬೆಂಚಿನಲ್ಲಿದ್ದೆವು. ಬುಡದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾಯಿಸಿದರು. ಆ ಹತ್ತು ದಿನ ನಾನು ಅಂಗಡಿಯಲ್ಲಿ ಉಗುರು ಬಣ್ಣದ ಷೆಲ್ಫಿಗೆ ಬೆನ್ನು ಹಾಕಿ ಕೂತಿದ್ದೆ. ಹನ್ನೊಂದನೇ ದಿನ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದರು: ಕ್ಯಾನ್ಸರ್ ಹೌದು, ಆದರೆ ಉಗುರಿನ ಬೇರಿನಲ್ಲೇ ಇದೆ, ಕೆಳಗೆ ಇಳಿದಿಲ್ಲ. ಉಗುರನ್ನು ಬೇರು, ಹಾಸು ಸಮೇತ ಪೂರ್ತಿ ತೆಗೆದು, ತೊಡೆಯ ಚರ್ಮ ತಂದು ಅಲ್ಲಿ ಹೊಲಿಯುತ್ತಾರೆ. ಬೆರಳು ಉಳಿಯುತ್ತದೆ. ಉಗುರು ಇನ್ನು ಬರುವುದಿಲ್ಲ.

"ನಿಮ್ಮನ್ನು ಯಾವ ಡಾಕ್ಟರು ಕಳಿಸಿದ್ದು? ಒಳ್ಳೇ ಹೊತ್ತಿಗೆ ಕಳಿಸಿದ್ದಾರೆ," ಅಂದರು.

"ಅಮ್ಮಾಜಮ್ಮ," ಅಂದಳು ಪ್ರೇರಣಾ. ಡಾಕ್ಟರು ಆ ಹೆಸರಿನ ಡಾಕ್ಟರನ್ನು ನೆನಪಿಸಿಕೊಳ್ಳಲು ನೋಡಿದರು.

ಆಪರೇಷನ್ ಆದ ಮೇಲೆ ನಾನು ಮೊರದ ಅಕ್ಕಿ, ಕಾಯಿ, ಕಣ ಎಲ್ಲ ಚೀಲದಲ್ಲಿ ತುಂಬಿಕೊಂಡು ಅಮ್ಮಾಜಮ್ಮನ ಮನೆಗೆ ಹೋದೆ. ಹಿತ್ತಿಲಲ್ಲಿ ಅಂದ ಮಾತಿಗೆ ತಪ್ಪಾಯಿತು ಅಂದೆ. ಆಕೆ ಕಾಫಿ ಕೊಟ್ಟಳು, ನನ್ನ ಕಿರುಬೆರಳಿನ ಸೀಳು ನೋಡಿದಳು, ಚೀಲ ಮಾತ್ರ ಮುಟ್ಟಲಿಲ್ಲ. "ಶಾಸ್ತ್ರ ಮುಗೀಲಿ" ಅಂದಳು.

ಶಾಸ್ತ್ರ ಎಲ್ಲಿ ಮುಗಿಯುವುದು? ಮದುವೆಯೇ ನಿಂತಿತ್ತು. ಅನಿರುದ್ಧ ವಾರಕ್ಕೆರಡು ಸಲ ಬಂದು ಹೋಗುತ್ತಿದ್ದ. ಶ್ಯಾಮಲ ಬೇಡ ಅನ್ನಲಿಲ್ಲ, ಆಗಲಿ ಅನ್ನಲೂ ಇಲ್ಲ. ಏಳು ತಿಂಗಳು ಹೀಗೇ ಹೋಯಿತು. ಆಮೇಲೆ ಒಂದು ಸೋಮವಾರ ಆಕೆ ಕುಂಟುತ್ತಾ ನನ್ನ ಅಂಗಡಿಗೆ ಬಂದರು. ನನ್ನ ಕಡೆ ನೋಡದೆ, "ಆ ಅಮ್ಮಾಜಮ್ಮನ ಮನೆ ಎಲ್ಲಿ?" ಅಂದರು. ಅಮ್ಮಾಜಮ್ಮ ಅಂಗಡಿಯ ಒಳಗೇ ಸ್ಟೂಲಿನ ಮೇಲಿದ್ದಳು. ಎಂದಿನಂತೆ ಕಾಲು ನೋಡಿದಳು. ಹೆಬ್ಬೆಟ್ಟಿನ ಉಗುರಿನ ಮೂಲೆ ಮಾಂಸದೊಳಕ್ಕೆ ಬೆಳೆದು ಕೆಂಪಗೆ ಬಾತಿತ್ತು.

"ಮೂಲೆ ಒಳಕ್ಕೆ ಕತ್ತರಿಸ್ತೀರಲ್ಲಮ್ಮ, ಅದ್ಕೇ ಇಂಗಾಗೋದು. ಕಾಲುಗುರು ನೇರಕ್ಕೆ ಕತ್ತರಿಸ್ಬೇಕು," ಅನ್ನುತ್ತಾ ಅಲ್ಲೇ ಬಿಸಿನೀರು ತರಿಸಿ ನೆನೆಸಿದಳು. ನೆನೆದ ಮೇಲೆ ಮೂಲೆಯನ್ನು ಮೆಲ್ಲಗೆ ಎತ್ತಿ, ಕೆಳಗೆ ಹತ್ತಿಯ ಎಳೆ ತೂರಿಸಿದಳು. ಶ್ಯಾಮಲ ಕಣ್ಣು ಮುಚ್ಚಿಕೊಂಡಿದ್ದರು. ನೋವು ಸ್ವಲ್ಪ ಇಳಿದು ಉಸಿರು ಬಿಟ್ಟಾಗ, ಅಮ್ಮಾಜಮ್ಮ ತಲೆ ಎತ್ತದೆ ಕೇಳಿದಳು, "ನಿಮ್ ಸೊಸೆ ಎಂಗವ್ಳೆ?"

ಶ್ಯಾಮಲ ಕಣ್ಣು ತೆರೆದರು. "ಚೆನ್ನಾಗಿದ್ದಾಳೆ. ಬೋರ್ಡಿನ ಮೇಲೆ ಬರೆಯೋಕೆ ಆಗುತ್ತಂತೆ ಈಗ," ಅಂದರು. ಸೊಸೆ ಅನ್ನುವ ಮಾತನ್ನು ತಿದ್ದಲಿಲ್ಲ. ಮರುವಾರ ಅಕ್ಕನ ಮನೆಗೆ ಹೂವು ಹಣ್ಣು ಬಂದವು.

ಈ ಸಲ ಮಂಟಪ ಬೇಡವೆಂದು ಬೇತಮಂಗಲದ ಕೆರೆಯ ಹತ್ತಿರದ ದೇವಸ್ಥಾನದಲ್ಲಿ ಮದುವೆ. ಹಿಂದಿನ ದಿನ ಅಕ್ಕನ ಮನೆಯಲ್ಲಿ ಅದೇ ಚಪ್ಪರ, ಅದೇ ಮಣೆ, ಪಕ್ಕದಲ್ಲಿ ನಾನು. ಬೆರಳುಗಳಿಗೆ ಬಣ್ಣ ಇರಲಿಲ್ಲ. ಶ್ಯಾಮಲ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಒಂಬತ್ತು ಉಗುರಿನ ಮದುಮಗಳಿಗೆ ಈ ಶಾಸ್ತ್ರ ಮಾಡಬಹುದೇ ಅಂತ ನೆಂಟರಲ್ಲಿ ಗುಸುಗುಸು ನಡೆದದ್ದು ನನ್ನ ಕಿವಿಗೆ ಬಿದ್ದಿತ್ತು. ಪ್ರೇರಣಾಳ ಕಿವಿಗೂ ಬಿದ್ದಿರಬೇಕು. ಅವಳ ಮೊಣಕೈ ನನ್ನ ಅಂಗೈಯಲ್ಲಿ ಬಿಗಿಯಾಗಿತ್ತು.

ಅಮ್ಮಾಜಮ್ಮ ಎಡಗೈ ಕಿರುಬೆರಳಿನಿಂದ ಶುರು ಮಾಡಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದಳು, ಹಾಲು ಮುಟ್ಟಿಸಿದಳು, ಚೂರು ಅಕ್ಕಿಗೆ ಬೀಳಿಸಿದಳು. ಬಲಗೈ ತೋರುಬೆರಳಿಗೆ "ತೊಮ್ಮಿದಿ" ಅಂದಳು. ಅಲ್ಲಿಗೆ ನಿಲ್ಲಿಸಿ ಕನ್ನಡಿ ಎತ್ತಿಕೊಳ್ಳುತ್ತಾಳೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಪ್ರೇರಣಾ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡಳು.

ಅಮ್ಮಾಜಮ್ಮ ಅದನ್ನು ಬಿಡಿಸಿದಳು. ಉಗುರಿದ್ದ ಜಾಗದಲ್ಲಿ ಸ್ವಲ್ಪ ತಗ್ಗಾಗಿ, ಬೇರೆ ಬಣ್ಣದ ನುಣ್ಣನೆಯ ಚರ್ಮ. ಬೆಳಕಿಗೆ ತಿರುಗಿಸಿ, ಸುತ್ತಲೂ ಬೆರಳಿಂದ ಒತ್ತಿ, ಅವತ್ತಿನಷ್ಟೇ ಹೊತ್ತು ನೋಡಿದಳು. ಎಲ್ಲೂ ಕಪ್ಪು ಇರಲಿಲ್ಲ. ಮಾವಿನೆಲೆಯನ್ನು ಹಾಲಿನಲ್ಲಿ ಅದ್ದಿ ಆ ಚರ್ಮಕ್ಕೆ ಮುಟ್ಟಿಸಿದಳು.

"ಪದಿ," ಅಂದಳು, ಎಲ್ಲರಿಗೂ ಕೇಳುವ ಹಾಗೆ.

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅಮ್ಮಾಜಮ್ಮ ತಲೆ ಎತ್ತಿ ನೋಡಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈ ನೋಡದೆ ಮುಖವನ್ನೇ ಮೊದಲು ನೋಡಿದಳು. ಆಮೇಲೆ ಸೆರಗು ಒಡ್ಡಿದಳು.

"ಮೊರ ತಾ ಜಯರಾಮಣ್ಣ. ಶಾಸ್ತ್ರ ಮುಗೀತು."

ನಾನು ಮೊರ ತರಲು ಎದ್ದೆ.